ಮನೆಯ ಆರ್ಕೇಡ್ ಪ್ಯಾನೆಲ್‌ಗೆ ಟ್ರ್ಯಾಕ್‌ಬಾಲ್: ಮೂರು ಇಂಚೋ, ಎರಡೂಕಾಲು ಇಂಚೋ?

ಟ್ರ್ಯಾಕ್‌ಬಾಲ್, ಅಂದರೆ ಪ್ಯಾನೆಲ್‌ನಲ್ಲಿ ಕೂರಿಸಿ ಕೈಯಿಂದ ಉರುಳಿಸಿ ಆಡುವ ಚೆಂಡು, ಕೊಳ್ಳುವ ಮುಂಚೆ ಒಂದು ಚೀಟಿ ತಗೊಂಡು, ನೀವು ನಿಜವಾಗಿ ಆಡುವ ಆಟಗಳ ಹೆಸರು ಬರೆದುಕೊಳ್ಳಿ. ಐದಾರು ಸಾಕು. ಹಳೇ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಮೇಮ್ ತಂತ್ರಾಂಶದಲ್ಲಿ ಸಾವಿರಾರು ಆಟ ಇವೆ ಅಂತ ಎಲ್ಲದಕ್ಕೂ ಹೊಂದುವ ಒಂದೇ ಪ್ಯಾನೆಲ್ ಕಟ್ಟಲು ಹೊರಟರೆ ಹಲಗೆಯ ಮೇಲೆ ಜಾಗವೂ ಉಳಿಯುವುದಿಲ್ಲ, ಆಡುವ ಕೈಗೆ ಸುಖವೂ ಸಿಗುವುದಿಲ್ಲ. ಚೀಟಿ ಮುಂದಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎಲ್ಲರೂ ಮೊದಲು ಕೇಳುವುದು ಚೆಂಡಿನ ಸೈಜ್. ನಾನೂ ಅದನ್ನೇ ಕೇಳಿದ್ದೆ. ಮೂರ್ನಾಲ್ಕು ಪ್ಯಾನೆಲ್ ಕಟ್ಟಿದ ಮೇಲೆ ಗೊತ್ತಾಗಿದ್ದು, ಸೈಜ್‌ಗಿಂತ ದೊಡ್ಡ ವಿಷಯಗಳು ಎರಡಿವೆ. ಬೀಸಿ ಬಿಟ್ಟ ಚೆಂಡು ಎಷ್ಟು ಹೊತ್ತು ತಾನಾಗಿ ತಿರುಗುತ್ತದೆ ಅನ್ನುವುದು ಒಂದು. ಅಷ್ಟು ಜೋರಾಗಿ ತಿರುಗುವಾಗ ಅದರ ಎಲೆಕ್ಟ್ರಾನಿಕ್ ಬೋರ್ಡ್ ಚಲನೆಯ ಎಣಿಕೆ ತಪ್ಪದೆ ಇರುತ್ತದಾ ಅನ್ನುವುದು ಇನ್ನೊಂದು. ಇವೆರಡೂ ಸರಿ ಇದ್ದರೆ ಸಣ್ಣ ಚೆಂಡಲ್ಲೂ ಖುಷಿಯಾಗಿ ಆಡಬಹುದು. ಇವೆರಡೂ ಕೆಟ್ಟಿದ್ದರೆ ಎಷ್ಟು ದೊಡ್ಡ ಚೆಂಡು ಹಾಕಿದರೂ ದಂಡ.

ಮೊದಲು ಆಟದ ಮಾತು

ಚೀಟಿಯಲ್ಲಿ ಗೋಲ್ಡನ್ ಟೀ ಇದೆಯಾ? ಹಾಗಿದ್ದರೆ ಮೂರು ಇಂಚೇ ತಗೊಳ್ಳಿ, ಯೋಚನೆ ಬೇಡ. ಆ ಗಾಲ್ಫ್ ಆಟದಲ್ಲಿ ಚೆಂಡನ್ನು ಹಿಂದಕ್ಕೆ ಎಳೆದು, ತಕ್ಷಣ ಅಂಗೈಯಿಂದ ಮುಂದಕ್ಕೆ ಬಲವಾಗಿ ತಳ್ಳಬೇಕು. ತಳ್ಳಿದ ವೇಗವೂ ಲೆಕ್ಕಕ್ಕೆ ಬರುತ್ತದೆ, ಎಷ್ಟು ನೇರ ತಳ್ಳಿದಿರಿ ಅನ್ನುವುದೂ ಬರುತ್ತದೆ. ಇಡೀ ತೋಳು ಆಡುವ ಆಟ ಅದು. ಬೌಲಿಂಗ್ ಆಟಗಳೂ ಇದೇ ಜಾತಿ.

ಮಿಸೈಲ್ ಕಮಾಂಡ್ (1980), ಸೆಂಟಿಪೀಡ್ (1981) ಬೇರೆ ಥರ. ಅಲ್ಲಿ ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಸೆಂಟಿಪೀಡ್‌ನಲ್ಲಿ ಆ ಜೇಡ ಕುಪ್ಪಳಿಸುತ್ತಾ ಹತ್ತಿರ ಬಂದಾಗ ಎರಡು ಬೆರಳಲ್ಲಿ ಚೂರೇ ಚೂರು ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲಬೇಕು, ಒಂದು ಕೂದಲೆಳೆ ಜಾಸ್ತಿ ಹೋದರೂ ಮುಗೀತು. ಇಂಥ ಆಟಕ್ಕೆ ಎರಡೂಕಾಲು ಇಂಚಿನ ಚೆಂಡು ಯಾವ ರೀತಿಯಲ್ಲೂ ಕಡಿಮೆ ಅಲ್ಲ. ನನ್ನ ಕೈಗಂತೂ ಅದೇ ಹೆಚ್ಚು ಹಿಡಿತ ಕೊಡುತ್ತದೆ. ಮಾರ್ಬಲ್ ಮ್ಯಾಡ್ನೆಸ್ (1984) ಎರಡನ್ನೂ ಕೇಳುತ್ತದೆ. ಏರು ಹತ್ತುವಾಗ ಬಿಡದೆ ಉರುಳಿಸಬೇಕು, ಕಿರಿದಾದ ದಾರಿಯ ಅಂಚಿಗೆ ಬಂದಾಗ ತಟ್ಟನೆ ಹಿಡಿಯಬೇಕು.

ಅರ್ಕನಾಯ್ಡ್ ಥರದ ಇಟ್ಟಿಗೆ ಒಡೆಯುವ ಆಟಗಳಿಗೆ ಮೂಲದಲ್ಲಿ ಇದ್ದದ್ದು ತಿರುಗಿಸುವ ಗುಂಡಿ, ಅಂದರೆ ಸ್ಪಿನ್ನರ್. ಆದರೆ ಟ್ರ್ಯಾಕ್‌ಬಾಲ್‌ನ ಎಡಬಲ ಚಲನೆಯಲ್ಲೇ ಅವನ್ನು ಆರಾಮಾಗಿ ಆಡಬಹುದು. ಜಾಗ ಕಡಿಮೆ ಇದ್ದರೆ ಸ್ಪಿನ್ನರ್‌ಗೆ ಬೇರೆ ತೂತು ಕೊರೆಯಬೇಡಿ.

ಒಳಗೆ ಏನಿದೆ

ಡಬ್ಬಿ ಬಿಚ್ಚಿದರೆ ಚೆಂಡು ಮೂರು ಕಡೆ ಆಧಾರದ ಮೇಲೆ ಕೂತಿರುತ್ತದೆ. ಎರಡು ಉದ್ದನೆಯ ರೋಲರ್, ಒಂದಕ್ಕೊಂದು 90 ಡಿಗ್ರಿಯಲ್ಲಿ. ಒಂದು ಎಡಬಲಕ್ಕೆ, ಒಂದು ಹಿಂದೆ ಮುಂದಕ್ಕೆ. ಮೂರನೆಯದು ಸುಮ್ನೆ ಚೆಂಡನ್ನು ಹೊತ್ತುಕೊಳ್ಳುವ ಸಣ್ಣ ಬೇರಿಂಗ್. ಪ್ರತಿ ರೋಲರ್‌ನ ಒಂದು ತುದಿಯಲ್ಲಿ ಸೀಳು ಸೀಳಾದ ಚಕ್ರ ಇರುತ್ತದೆ, ಅದರ ಒಂದು ಪಕ್ಕ ಇನ್‌ಫ್ರಾರೆಡ್ ದೀಪ, ಇನ್ನೊಂದು ಪಕ್ಕ ಎರಡು ಸೆನ್ಸರ್. ಚಕ್ರ ತಿರುಗಿದ ಹಾಗೆ ಬೆಳಕು ಕತ್ತರಿಸಿ ಕತ್ತರಿಸಿ ಬೀಳುತ್ತದೆ. ಎರಡು ಸೆನ್ಸರ್‌ಗಳ ನಡುವೆ ಕಾಲು ಹೆಜ್ಜೆಯ ಅಂತರ ಇಟ್ಟಿರುವುದರಿಂದ, ಯಾವುದಕ್ಕೆ ಬೆಳಕು ಮೊದಲು ಬಿತ್ತು ಅನ್ನುವುದರಲ್ಲೇ ದಿಕ್ಕು ಗೊತ್ತಾಗುತ್ತದೆ. ಇದನ್ನೇ ಕ್ವಾಡ್ರೇಚರ್ ಅನ್ನುತ್ತಾರೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೋರ್ಡ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಸೈಜ್. ಮೂರು ಇಂಚು ಅಂದರೆ 76.2 ಮಿ.ಮೀ., ಎರಡೂಕಾಲು ಇಂಚು ಅಂದರೆ 57.15 ಮಿ.ಮೀ. ನೋಡಲು ವ್ಯತ್ಯಾಸ ಎರಡು ಬೆರಳಷ್ಟೂ ಇಲ್ಲ ಅಲ್ವಾ? ತೂಕದಲ್ಲಿ ನೋಡಿ. ಎರಡೂ ಒಂದೇ ವಸ್ತುವಿನಿಂದ ಮಾಡಿದ್ದರೆ ದೊಡ್ಡದರ ತೂಕ ಸುಮಾರು 2.4 ಪಟ್ಟು. ಅದಕ್ಕಿಂತ ಮುಖ್ಯವಾದದ್ದು, ತಿರುಗುತ್ತಿರುವ ಚೆಂಡು ಹಾಗೇ ತಿರುಗುತ್ತಾ ಇರಲು ಹಟ ಮಾಡುತ್ತದಲ್ಲ, ಆ ಜಡತ್ವ ಸುಮಾರು 4.2 ಪಟ್ಟು ಆಗುತ್ತದೆ. ದೊಡ್ಡ ಚೆಂಡನ್ನು ಒಮ್ಮೆ ಬೀಸಿದರೆ ಕೈ ತೆಗೆದ ಮೇಲೂ ಅದು ಓಡುತ್ತಲೇ ಇರುವುದು ಇದರಿಂದ. ಅದೇ ಕಾರಣಕ್ಕೆ ಅದನ್ನು ಹೊರಡಿಸಲು, ನಿಲ್ಲಿಸಲು ಜಾಸ್ತಿ ಬಲ ಬೇಕು. ಎಂಟು ಹತ್ತು ವರ್ಷದ ಮಕ್ಕಳು ಜಾಸ್ತಿ ಆಡುವ ಮನೆಯಾದರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ, ಸಣ್ಣ ಕೈಗೆ ಸಣ್ಣ ಚೆಂಡೇ ಮಾತು ಕೇಳುತ್ತದೆ.

ಭಾರದ ಚೆಂಡಿನ ಈ ಸುಖ ಹಳೆಯದು. 1952ರ ಸುಮಾರಿಗೆ ಕೆನಡಾದ ನೌಕಾಪಡೆಗಾಗಿ ಡಾಟಾರ್ ಅನ್ನುವ ವ್ಯವಸ್ಥೆ ಕಟ್ಟಿದವರು ಅದರ ಟ್ರ್ಯಾಕ್‌ಬಾಲ್‌ಗೆ ಅಲ್ಲಿನ ಫೈವ್ ಪಿನ್ ಬೌಲಿಂಗ್‌ನ ಚೆಂಡನ್ನೇ ಹಾಕಿದ್ದರು.

ಸಣ್ಣ ಸೈಜ್‌ಗೆ ಒಂದು ಲಾಭ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 57.15 ಮಿ.ಮೀ. ಅನ್ನುವುದು ಪೂಲ್ ಆಟದ ಚೆಂಡಿನ ಅಳತೆಯೇ. ಹಾಗಾಗಿ ಎರಡೂಕಾಲು ಇಂಚಿನ ಟ್ರ್ಯಾಕ್‌ಬಾಲ್‌ನ ಚೆಂಡು ಗೀರು ಬಿದ್ದು ಹಾಳಾದರೆ ಒಳ್ಳೆಯ ಪೂಲ್ ಚೆಂಡು ತಂದು ಕೂರಿಸಬಹುದು. ಸ್ನೂಕರ್ ಚೆಂಡು ತರಬೇಡಿ. ಅದು 52.5 ಮಿ.ಮೀ., ಒಳಗೆ ಲೊಡಲೊಡ ಆಡುತ್ತದೆ.

ಯಾವ ಥರದ್ದು ತಗೊಳ್ಳಬೇಕು

ಸಿಗುವುದು ಮುಖ್ಯವಾಗಿ ನಾಲ್ಕು ಥರ.

ಆರ್ಕೇಡ್ ಕ್ಯಾಬಿನೆಟ್‌ಗಳಿಗೇ ಅಂತ ಮಾಡಿದ್ದು ಒಂದು. ಹ್ಯಾಪ್ ಕಂಪನಿಯ ಮೂರು ಇಂಚು, ಎರಡೂಕಾಲು ಇಂಚಿನವು ಈ ಗುಂಪಿನವು. ದಿನವಿಡೀ ಜನ ಗುದ್ದುವ ಜಾಗದಲ್ಲಿ ಬಾಳಲಿ ಅಂತ ಮಾಡಿರುವುದರಿಂದ ಗಟ್ಟಿ, ಬಿಡಿಭಾಗ ಸಿಗುತ್ತದೆ, ರೋಲರ್ ಸವೆದರೆ ರೋಲರ್ ಮಾತ್ರ ಬದಲಿಸಬಹುದು. ತೊಂದರೆ ಅಂದರೆ ಇವನ್ನು ತೆಳುವಾದ ಲೋಹದ ಪ್ಯಾನೆಲ್ ಮನಸ್ಸಲ್ಲಿಟ್ಟುಕೊಂಡು ಮಾಡಿರುತ್ತಾರೆ, ನಾವು ಹಾಕುವುದು ದಪ್ಪ ಮರಕ್ಕೆ. ಅದನ್ನು ಕೆಳಗೆ ಹೇಳುತ್ತೇನೆ.

ಮನೆಯಲ್ಲಿ ಕಟ್ಟುವವರಿಗೇ ಅಂತ ಮಾಡಿದ್ದು ಇನ್ನೊಂದು. ಅಲ್ಟಿಮಾರ್ಕ್‌ನವರ ಯು-ಟ್ರ್ಯಾಕ್ ಇಂಥದ್ದು. ಮೂರು ಇಂಚಿನ ಚೆಂಡು, ಯುಎಸ್‌ಬಿ. ಮರಗೆಲಸ ಅಷ್ಟಾಗಿ ಬಾರದವರಿಗೆ, ಮೊದಲ ಸಲ ಪ್ಯಾನೆಲ್ ಕಟ್ಟುವವರಿಗೆ ನಾನು ಹೇಳುವುದು ಈ ಜಾತಿಯದನ್ನೇ.

ಮೂರನೆಯದು ಹೆಸರಿಲ್ಲದ ಅಗ್ಗದ ಸೆಟ್‌ಗಳು. ಫೋಟೋದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ, ಒಳಗೆ ಒಂದೇ ಥರ ಇರುವುದಿಲ್ಲ. ನಾನು ತಂದಿದ್ದ ಒಂದರಲ್ಲಿ ಚೆಂಡು ಚೆನ್ನಾಗಿತ್ತು, ರೋಲರ್ ಕೂಡ ಪರವಾಗಿಲ್ಲ. ಆದರೆ ಜೋರಾಗಿ ಬೀಸಿದರೆ ಪರದೆಯ ಮೇಲಿನ ಬಾಣ ಅರ್ಧ ದೂರ ಮುಂದೆ ಹೋಗಿ, ಅಲ್ಲಿಂದ ನಡುಗುತ್ತಾ ಹಿಂದಕ್ಕೆ ಬರುತ್ತಿತ್ತು. ಚೆಂಡು ಮುಂದಕ್ಕೆ, ಬಾಣ ಹಿಂದಕ್ಕೆ. ನಿಧಾನವಾಗಿ ಉರುಳಿಸಿದರೆ ಏನೂ ತಪ್ಪಿಲ್ಲ, ಅದಕ್ಕೇ ಮೊದಲ ದಿನ ಗೊತ್ತಾಗಲೇ ಇಲ್ಲ. ತಪ್ಪು ಬೋರ್ಡ್‌ನದು. ಎರಡು ಸೆನ್ಸರ್‌ಗಳ ಸಂಕೇತ ಅದು ಓದುವುದಕ್ಕಿಂತ ಬೇಗ ಬದಲಾದರೆ ನಡುವಿನ ಹೆಜ್ಜೆ ತಪ್ಪಿಹೋಗುತ್ತದೆ, ಆಗ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಅದಲುಬದಲಾಗಿ ದಿಕ್ಕೇ ತಿರುಗುತ್ತದೆ. ಬೋರ್ಡ್ ಬದಲಿಸಿದ ಮೇಲೆ ಅದೇ ಸೆಟ್ ಈಗಲೂ ಚೆನ್ನಾಗಿ ಓಡುತ್ತಿದೆ. ಅಂದರೆ ಅಗ್ಗದ್ದು ತಗೊಳ್ಳಲೇಬಾರದು ಅಂತ ಅಲ್ಲ, ಸೋಲ್ಡರಿಂಗ್ ಬರುತ್ತೆ, ಬಿಚ್ಚಿ ನೋಡುವ ತಾಳ್ಮೆ ಇದೆ ಅನ್ನುವವರು ಧಾರಾಳವಾಗಿ ತಗೊಳ್ಳಿ.

ನಾಲ್ಕನೆಯದು ಹಳೆಯ ಕ್ಯಾಬಿನೆಟ್‌ನಿಂದ ಕಿತ್ತದ್ದು. ಸಿಕ್ಕರೆ ಒಳ್ಳೆಯದು, ಆದರೆ ಚೆಂಡು ತೆಗೆಸಿ ನೋಡಿಯೇ ತಗೊಳ್ಳಿ. ಚೆಂಡು ಕೂರುವ ಜಾಗದಲ್ಲಿ ರೋಲರ್ ಮೇಲೆ ಉಗುರು ಎಳೆದು ನೋಡಿ. ಉಗುರು ಒಂದು ಹಳ್ಳಕ್ಕೆ ಇಳಿದು ಹತ್ತಿದ ಹಾಗಾದರೆ ರೋಲರ್ ಸವೆದಿದೆ ಅಂತ. ಆ ಹಳ್ಳದ ಮೇಲೆ ಚೆಂಡು ತಡವರಿಸುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಸೀಳು ಚಕ್ರದ ಹಲ್ಲು ಮುರಿದಿದೆಯಾ ಅದನ್ನೂ ನೋಡಿ.

ಇನ್ನು ಮೇಜಿನ ಮೇಲಿಡುವ ಕಂಪ್ಯೂಟರ್ ಟ್ರ್ಯಾಕ್‌ಬಾಲನ್ನೇ ಪ್ಯಾನೆಲ್‌ಗೆ ಇಳಿಸುವ ಯೋಚನೆ ಕೆಲವರಿಗೆ ಬರುತ್ತದೆ. ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್‌ನ ಚೆಂಡು 55 ಮಿ.ಮೀ., ಸೈಜ್ ಹತ್ತತ್ತಿರ ಬಂತು ಅನ್ನಿಸುತ್ತದೆ. ಆದರೆ ಅದರಲ್ಲಿ ರೋಲರ್ ಇಲ್ಲ, ಮೂರು ಸಣ್ಣ ಗಟ್ಟಿ ಮಣಿಗಳ ಮೇಲೆ ಚೆಂಡು ಜಾರುತ್ತದೆ. ಕಚೇರಿ ಕೆಲಸಕ್ಕೆ ಅದು ಚಂದ. ಬೀಸಿದ ಚೆಂಡು ಮಾತ್ರ ಬೇಗ ನಿಂತುಬಿಡುತ್ತದೆ. ಮೇಲಿನಿಂದ ಚೆಂಡನ್ನು ಹಿಡಿದಿಡುವ ಉಂಗುರವೂ ಇಲ್ಲ, ಆಟದ ಆವೇಶದಲ್ಲಿ ಹಾರಿ ಹೊರಗೆ ಬೀಳಬಹುದು. ಮಿಸೈಲ್ ಕಮಾಂಡ್ ಆಡಬಹುದು, ಗಾಲ್ಫ್ ಬೇಡ. ಟ್ರ್ಯಾಕ್‌ಬಾಲ್ ಆಟಗಳು ನಿಮಗೆ ಹಿಡಿಸುತ್ತವಾ ಅಂತ ಮೊದಲು ನೋಡಿಕೊಳ್ಳಲು, ಅದು ಮನೆಯಲ್ಲಿ ಈಗಾಗಲೇ ಇದ್ದರೆ, ಸಾಕು.

ಯುಎಸ್‌ಬಿ ಬೋರ್ಡ್ ಮತ್ತು ಎಣಿಕೆ

ಯುಎಸ್‌ಬಿ ಇದ್ದರೆ ಕಂಪ್ಯೂಟರ್ ಅದನ್ನು ಮೌಸ್ ಅಂತಲೇ ತಿಳಿಯುತ್ತದೆ, ಬೇರೇನೂ ಹಾಕಬೇಕಾಗಿಲ್ಲ. ಬರೀ ಸೆನ್ಸರ್ ತಂತಿ ಹೊರಗೆ ಬರುವ ಮಾದರಿಯಾದರೆ ಸಾಮಾನ್ಯವಾಗಿ ಆರು ತಂತಿ ಇರುತ್ತವೆ: 5 ವೋಲ್ಟ್, ನೆಲ (ಗ್ರೌಂಡ್), ನಾಲ್ಕು ಸಂಕೇತ. ಅದಕ್ಕೆ ಅಲ್ಟಿಮಾರ್ಕ್‌ನ ಆಪ್ಟಿ-ಪ್ಯಾಕ್ ಥರದ ಬೋರ್ಡ್ ಬೇಕು. ಇಲ್ಲವೇ ಆರ್ಡುಯಿನೋ ಪ್ರೋ ಮೈಕ್ರೋ ಅನ್ನುವ ಪುಟ್ಟ ಬೋರ್ಡ್ ತಂದು ನೀವೇ ಪ್ರೋಗ್ರಾಂ ಬರೆಯಬಹುದು. ಅದರ ಎಟಿಮೆಗಾ 32ಯು4 ಚಿಪ್ ತಾನೇ ಯುಎಸ್‌ಬಿ ಮೌಸ್ ಆಗಬಲ್ಲದು, ನಾಲ್ಕು ಸಂಕೇತಕ್ಕೂ ಸಾಕಾಗುವಷ್ಟು ಇಂಟರಪ್ಟ್ ಪಿನ್, ಅಂದರೆ ಸಂಕೇತ ಬದಲಾದ ತಕ್ಷಣ ಚಿಪ್ಪನ್ನು ಎಚ್ಚರಿಸುವ ಪಿನ್, ಅದರಲ್ಲಿವೆ. ಪಿನ್ನನ್ನು ಆಗಾಗ ಇಣುಕಿ ನೋಡುವ ಪ್ರೋಗ್ರಾಂ ಬರೆಯಬೇಡಿ, ಇಂಟರಪ್ಟ್‌ನಲ್ಲೇ ಎಣಿಸಿ. ಮೇಲೆ ಹೇಳಿದ ಹಿಮ್ಮುಖ ಓಟ ಹುಟ್ಟುವುದೇ ಹಾಗೆ ಇಣುಕುವುದರ ನಡುವೆ ತಪ್ಪಿದ ಹೆಜ್ಜೆಯಿಂದ. ರಾಸ್ಪ್‌ಬೆರಿ ಪೈ ಪಿನ್‌ಗಳಿಗೆ ನೇರವಾಗಿ ಈ 5 ವೋಲ್ಟ್ ಸಂಕೇತ ಕೊಡಬೇಡಿ. ಅವು 3.3 ವೋಲ್ಟ್‌ನವು, ಸುಟ್ಟುಹೋಗುತ್ತವೆ.

ಇನ್ನೊಂದು ಮಿತಿ ಇದೆ, ಇದು ಕಣ್ಣಿಗೆ ಬೇಗ ಬೀಳುವುದಿಲ್ಲ. ಹಳೇ ಮಾದರಿಯ ಮೌಸ್ ಸಂದೇಶದಲ್ಲಿ ಒಂದು ಸಲಕ್ಕೆ ಕಳಿಸಬಹುದಾದ ದೊಡ್ಡ ಸಂಖ್ಯೆ 127. ಸೆಕೆಂಡಿಗೆ 125 ಸಲ ಕಳಿಸಿದರೆ ಒಟ್ಟು 15,875 ಎಣಿಕೆ. ಚೆಂಡು ಅದಕ್ಕಿಂತ ಜೋರಾಗಿ ಎಣಿಕೆ ಹುಟ್ಟಿಸಿದರೆ ಹೆಚ್ಚಿನದು ಕಳೆದುಹೋಗಬಹುದು. ಬಾಣ ಹಿಂದಕ್ಕೇನೂ ಓಡುವುದಿಲ್ಲ, ಆದರೆ ಜೋರಾಗಿ ತಳ್ಳಿದರೂ, ಅದಕ್ಕಿಂತ ಜೋರಾಗಿ ತಳ್ಳಿದರೂ ಗಾಲ್ಫ್ ಚೆಂಡು ಒಂದೇ ದೂರ ಹೋಗುತ್ತದೆ. ಬಲ ಹಾಕಿ ಹಾಕಿ ಭುಜ ನೋಯುತ್ತದೆ ಅಷ್ಟೇ. 16 ಬಿಟ್ ಸಂದೇಶ ಕಳಿಸುವ ಬೋರ್ಡ್‌ಗೆ ಈ ತಾಪತ್ರಯ ಇಲ್ಲ.

ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಚೆಂಡಿನ ಮೇಲೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡಿ, ಆಮೇಲೆ ಒರೆಸಿದರಾಯಿತು. ಮೌಸ್ ವೇಗ ತುಂಬಾ ಕಡಿಮೆ ಮಾಡಿ, ಮೌಸ್ ವೇಗವರ್ಧನೆಯನ್ನು ಪೂರ್ತಿ ಆಫ್ ಮಾಡಿ. ಚುಕ್ಕೆ ಮೇಲಿರುವಂತೆ ಇಟ್ಟು ಎಡದಿಂದ ಬಲಕ್ಕೆ ಸರಿಯಾಗಿ ಎರಡು ಸುತ್ತು ನಿಧಾನವಾಗಿ ಉರುಳಿಸಿ, ಬಾಣ ಎಲ್ಲಿ ನಿಂತಿತು ಗುರುತು ಮಾಡಿಕೊಳ್ಳಿ. ಬಾಣವನ್ನು ಮೊದಲು ಹೊರಟ ಜಾಗಕ್ಕೇ ತಂದು ಅದೇ ಎರಡು ಸುತ್ತು ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಬೀಸಿ ಕೈಯಿಂದ ತಡೆಯಿರಿ. ಎರಡು ಸಲವೂ ಬಾಣ ಹೆಚ್ಚು ಕಡಿಮೆ ಒಂದೇ ಕಡೆ ಬಂದರೆ ಬೋರ್ಡ್ ಗಟ್ಟಿ. ಜೋರಾಗಿ ಬೀಸಿದಾಗ ತುಂಬಾ ಹಿಂದೆ ಉಳಿದರೆ ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ವಾಪಸ್ ಕಳಿಸಿ.

ಮರದ ಹಲಗೆಯ ಕಷ್ಟ

ಇಲ್ಲಿ ಎಡವುವವರು ಜಾಸ್ತಿ. ತೆಳು ಲೋಹದ ಹಾಳೆಯ ಅಡಿಗೆ ಕೂರಿಸಿದಾಗ ಮೇಲೆ 25 ಮಿ.ಮೀ. ಚೆಂಡು ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನೇ 18 ಮಿ.ಮೀ. ಎಂಡಿಎಫ್ ಹಲಗೆಯ ಅಡಿಗೆ ಬಿಗಿದರೆ ಮೇಲೆ ಉಳಿಯುವುದು 7 ಮಿ.ಮೀ. ಅಷ್ಟರಲ್ಲಿ ಬೆರಳ ತುದಿ ತಾಕುತ್ತದೆ, ಅಂಗೈ ತಾಕುವುದಿಲ್ಲ. ನನ್ನ ಮೊದಲ ಪ್ಯಾನೆಲ್ ಹೀಗೇ ಆಯಿತು, ಬಣ್ಣ ಬಳಿದು ಒಣಗಿದ ಮೇಲೆ ಎಲ್ಲಾ ಬಿಚ್ಚಬೇಕಾಯಿತು. ಎರಡು ದಾರಿ ಇವೆ. ಹಲಗೆಯ ಅಡಿಯಿಂದ ರೂಟರ್‌ನಲ್ಲಿ (ಮರ ಕೆತ್ತುವ ಯಂತ್ರ) ಕೆತ್ತಿ ಆ ಜಾಗ ತೆಳು ಮಾಡುವುದು, ಅಥವಾ ಟ್ರ್ಯಾಕ್‌ಬಾಲ್‌ಗೆಂದೇ ಸಿಗುವ ಲೋಹದ ಪ್ಲೇಟ್ ತಂದು ಮೇಲಿನಿಂದ ಹಾಕಿ, ಡಬ್ಬಿಯನ್ನು ಅದಕ್ಕೆ ನೇತುಹಾಕುವುದು. ಕೆತ್ತಿದ್ದು ನೋಡಲು ಚಂದ, ಪ್ಲೇಟ್ ಗಟ್ಟಿ. ರೂಟರ್ ಇಲ್ಲದವರು ಪ್ಲೇಟ್‌ಗೇ ಹೋಗಿ. ಯಾವುದೇ ಆದರೂ ತೂತಿನ ಅಂಚನ್ನು ಚೆನ್ನಾಗಿ ಉಜ್ಜಿ ದುಂಡಗೆ ಮಾಡಿ, ಚೆಂಡಿಗೂ ಅಂಚಿಗೂ ನಡುವೆ ಚರ್ಮ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ.

ಮೇಲೆ ಕಾಣುವುದು ಚೆಂಡಷ್ಟೇ, ಅಡಿಯ ಡಬ್ಬಿ ಅದಕ್ಕಿಂತ ಎಷ್ಟೋ ಅಗಲ. ಪಕ್ಕದ ಬಟನ್, ಜಾಯ್‌ಸ್ಟಿಕ್ ತೂತು ಕೊರೆದು ಆದಮೇಲೆ ಅಡಿಯಲ್ಲಿ ಒಂದಕ್ಕೊಂದು ತಾಗುತ್ತವೆ ಅಂತ ಗೊತ್ತಾದರೆ ಹಲಗೆಯೇ ದಂಡ. ತಯಾರಕರ ಅಳತೆಯ ಚಿತ್ರ ನೋಡಿ ಡಬ್ಬಿಯ ಆಕಾರದ ರಟ್ಟು ಕತ್ತರಿಸಿ, ಬಟನ್‌ಗಳ ರಟ್ಟನ್ನೂ ಕತ್ತರಿಸಿ, ಹಲಗೆಯ ಮೇಲೆ ಜೋಡಿಸಿ ನೋಡಿ. ಎರಡು ಜಾಯ್‌ಸ್ಟಿಕ್ ನಡುವೆ ಮೂರು ಇಂಚಿನದು ಹಿಡಿಯುವುದಿಲ್ಲ, ಎರಡೂಕಾಲು ಹಿಡಿಯುತ್ತದೆ ಅನ್ನುವುದು ತುಂಬಾ ಸಲ ಇಲ್ಲೇ ತೀರ್ಮಾನವಾಗುತ್ತದೆ.

ಚೆಂಡಿನ ಮುಂದುಗಡೆ, ಅಂದರೆ ಪರದೆಯ ಕಡೆಗೆ, ಜಾಗ ಬಿಡಿ. ರಟ್ಟು ಇಟ್ಟಿರುವಾಗಲೇ ಗಾಲ್ಫ್ ಹೊಡೆತದ ಹಾಗೆ ಕೈ ಬೀಸಿ ನೋಡಿ, ಬೆರಳು ಎಲ್ಲಿವರೆಗೆ ಹೋಗುತ್ತದೆ? ಆ ದಾರಿಯಲ್ಲಿ ಬಟನ್ನೂ ಇರಬಾರದು, ಗಾಜೂ ಇರಬಾರದು. ಮಿಸೈಲ್ ಕಮಾಂಡ್‌ಗೆ ಮೂರು ನೆಲೆಗೆ ಮೂರು ಗುಂಡಿ ಬೇಕು, ಅವನ್ನು ಚೆಂಡಿನ ಎಡಕ್ಕೆ ಇಡಿ. ಮನೆಯಲ್ಲಿ ಎಡಗೈಯವರು ಇದ್ದರೆ ಬಲಕ್ಕೂ ಒಂದೆರಡು.

ಮಾರ್ಬಲ್ ಮ್ಯಾಡ್ನೆಸ್ ಕ್ಯಾಬಿನೆಟ್‌ನಲ್ಲಿ ಟ್ರ್ಯಾಕ್‌ಬಾಲನ್ನೇ 45 ಡಿಗ್ರಿ ತಿರುಗಿಸಿ ಕೂರಿಸಿದ್ದರು. ನೀವು ಹಾಗೆ ಮಾಡಬೇಡಿ, ನೇರವಾಗಿಯೇ ಕೂರಿಸಿ. ತಿರುಗಿಸುವ ಲೆಕ್ಕವನ್ನು ಮೇಮ್ ಒಳಗೇ ಮಾಡಿಕೊಳ್ಳುತ್ತದೆ.

ಹಾಗಾದರೆ ನಾನು ಏನು ಹೇಳುತ್ತೇನೆ

ಚೀಟಿಯಲ್ಲಿ ಗಾಲ್ಫ್ ಅಥವಾ ಬೌಲಿಂಗ್ ಇದ್ದು, ಹಲಗೆ ಅಗಲವಾಗಿದ್ದರೆ ಮೂರು ಇಂಚು, ಯುಎಸ್‌ಬಿ. ಮರಗೆಲಸ ಬರುವವರು ಹ್ಯಾಪ್ ಥರದ್ದು, ಬಾರದವರು ಯು-ಟ್ರ್ಯಾಕ್ ಥರದ್ದು. ಸೆಂಟಿಪೀಡ್, ಮಿಸೈಲ್ ಕಮಾಂಡ್, ಇಟ್ಟಿಗೆ ಆಟ ಇಷ್ಟೇ ಇದ್ದು, ಅದೇ ಹಲಗೆಯಲ್ಲಿ ಇಬ್ಬರು ಆಡುವ ಜಾಯ್‌ಸ್ಟಿಕ್‌ಗಳೂ ಇದ್ದರೆ ಎರಡೂಕಾಲು ಇಂಚು ತಗೊಳ್ಳಿ, ಮನಸ್ಸಲ್ಲಿ ಕೊರಗು ಬೇಡ. ಒಳಗಿನಿಂದ ಬೆಳಗುವ ಚೆಂಡು ಕತ್ತಲೆ ಕೋಣೆಯಲ್ಲಿ ನೋಡಲು ತುಂಬಾ ಚಂದ, ಆಟಕ್ಕೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ದುಡ್ಡು ಅಷ್ಟೇ ಇದೆ ಅಂದರೆ ದೀಪ ಬಿಡಿ, ಒಳ್ಳೆಯ ಬೋರ್ಡ್ ತಗೊಳ್ಳಿ.

ಕೂರಿಸಿದ ಮೇಲೆ ಮೇಮ್‌ನ ಸೆಟ್ಟಿಂಗ್‌ನಲ್ಲಿ ಮೌಸ್ ಆನ್ ಮಾಡಲು ಮರೆಯಬೇಡಿ, ಟ್ರ್ಯಾಕ್‌ಬಾಲ್ ಕೆಟ್ಟಿದೆ ಅಂತ ಅರ್ಧ ದಿನ ತಂತಿ ಹುಡುಕುವವರು ಇದ್ದಾರೆ. ಆಟ ನಡೆಯುವಾಗ ಟ್ಯಾಬ್ ಒತ್ತಿ ಅನಲಾಗ್ ಸೆಟ್ಟಿಂಗ್ ಇರುವಲ್ಲಿಗೆ ಹೋದರೆ ಸೆನ್ಸಿಟಿವಿಟಿ ಸಿಗುತ್ತದೆ. ಅದನ್ನು ಒಂದೊಂದು ಆಟಕ್ಕೂ ಬೇರೆ ಬೇರೆ ಇಡಬಹುದು, ಇಡಲೇಬೇಕು. ಒಂದೇ ಹೊತ್ತಿಗೆ ಇಬ್ಬರು ಎರಡು ಟ್ರ್ಯಾಕ್‌ಬಾಲ್‌ನಲ್ಲಿ ಆಡಬೇಕಾದರೆ ಮಲ್ಟಿಮೌಸ್ ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಎರಡೂ ಸೇರಿ ಒಂದೇ ಮೌಸ್ ಆಗುತ್ತವೆ.

ಹೊಸ ಚೆಂಡು ಬಿಗಿಯಾಗಿ, ಸೋಮಾರಿಯಾಗಿ ಉರುಳಿದರೆ ಬೇಸರ ಬೇಡ. ಬೇರಿಂಗ್‌ಗೆ ದಪ್ಪ ಗ್ರೀಸ್ ತುಂಬಿರಬಹುದು. ಬೇರಿಂಗ್ ಬಿಚ್ಚಿ ಸೀಮೆಎಣ್ಣೆ ಥರದ್ದರಲ್ಲಿ ನೆನೆಸಿ, ಹೊರಗೆ ಬಂದ ಹಳದಿ ಜಿಡ್ಡನ್ನೆಲ್ಲಾ ಒರೆಸಿ, ಪೂರ್ತಿ ಒಣಗಿಸಿ, ಒಂದೊಂದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ಎರಡು ಹನಿ ಬಿಟ್ಟರೆ ಅದು ರೋಲರ್‌ಗೆ ಹರಿದು ಚೆಂಡು ಜಾರುತ್ತದೆ. ಆಮೇಲೆ ತಿಂಗಳಿಗೊಮ್ಮೆ ಚೆಂಡು ತೆಗೆದು ರೋಲರ್ ನೋಡುತ್ತಿರಿ. ಕೈಯ ಕೊಳೆ ಅಲ್ಲಿ ಕಪ್ಪು ಉಂಗುರದ ಹಾಗೆ ಕಟ್ಟಿರುತ್ತದೆ, ಉಗುರಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಏಳುತ್ತದೆ. ತೆಗೆದು, ಒಣ ಬಟ್ಟೆಯಲ್ಲಿ ಚೆಂಡು ಒರೆಸಿ ವಾಪಸ್ ಕೂರಿಸಿ ಒಮ್ಮೆ ಬೀಸಿ ನೋಡಿ. ಗರಗರ ಹೋಗಿ ಒಂದೇ ಸಮನೆಯ ಗುಂಯ್ ಅನ್ನುವ ಸದ್ದು ಬಂದರೆ ಸರಿಯಾಗಿದೆ ಅಂತ.